ಕಡೆಗೋಲು ತಿರುಗುವಂತೆ: ಗಾಲ್ಫ್ ಬ್ಯಾಕ್‌ಸ್ವಿಂಗ್‌ನಲ್ಲಿ ಮೈ ತಿರುಗಿಸುವ ಕ್ರಮ

ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆ ಗಾಲ್ಫ್ ಆಡುವವರನ್ನು ಬೆರಳೆಣಿಕೆಯಲ್ಲಿ ಲೆಕ್ಕ ಹಾಕಬಹುದು. ನನಗೆ ತಿಳಿದಿರುವವರಲ್ಲಿ ಹೆಚ್ಚಿನವರು ಕೊಲ್ಲಿ ರಾಷ್ಟ್ರಗಳಲ್ಲಿ ಉದ್ಯೋಗದಲ್ಲಿದ್ದಾಗ ಆಟ ಕಲಿತು, ಊರಿಗೆ ಮರಳುವಾಗ ಕ್ಲಬ್ಬುಗಳ (ಚೆಂಡು ಹೊಡೆಯುವ ಕೋಲುಗಳ) ಚೀಲವನ್ನೂ ಜೊತೆಗೆ ತಂದವರು. ನನಗೆ ಈ ಗೀಳು ಅಂಟಿಸಿದವರೂ ಹಾಗೆ ದುಬಾಯಿಯಿಂದ ಮರಳಿದ ನನ್ನ ಭಾವನವರೇ. ಚೆಂಡು ಹೊಡೆಯಬೇಕೆಂದರೆ ನಾವು ತಲಪಾಡಿ ದಾಟಿ ಮಂಗಳೂರಿನ ಪಿಲಿಕುಳದ ಮೈದಾನಕ್ಕೆ ಹೋಗಬೇಕು, ಅದೂ ವಾರಕ್ಕೊಮ್ಮೆ. ಉಳಿದ ಆರು ದಿನ ನಮಗಿರುವುದು ಮನೆಯ ಅಂಗಳ ಮತ್ತು ಜಗಲಿ ಮಾತ್ರ. ಬ್ಯಾಕ್‌ಸ್ವಿಂಗ್‌ನಲ್ಲಿ (ಚೆಂಡು ಹೊಡೆಯುವ ಮೊದಲು ಕ್ಲಬ್ಬನ್ನು ಹಿಂದಕ್ಕೆ, ಮೇಲಕ್ಕೆ ಒಯ್ಯುವ ಹಂತದಲ್ಲಿ) ಮೈಯನ್ನು ಸರಿಯಾಗಿ ತಿರುಗಿಸುವ ಕೌಶಲದ ಮುಕ್ಕಾಲು ಪಾಲನ್ನು ಚೆಂಡಿಲ್ಲದೆ, ಆ ಜಗಲಿಯಲ್ಲೇ ಕಲಿಯಬಹುದು ಎಂಬುದು ನನ್ನ ಅನುಭವ. ನಾನು ತರಬೇತುದಾರನಲ್ಲ. ನಲವತ್ತೆಂಟನೆಯ ವಯಸ್ಸಿನಲ್ಲಿ ಆಟಕ್ಕಿಳಿದು, ಮೊದಲ ಎರಡು ವರ್ಷ ತಪ್ಪಾಗಿ ಆಡಿ, ಬೆನ್ನು ನೋಯಿಸಿಕೊಂಡು, ಬಳಿಕ ಸರಿಪಡಿಸಿಕೊಂಡವನು. ಇಲ್ಲಿರುವ ಸೂಚನೆಗಳೆಲ್ಲ ಬಲಗೈಯವರಿಗೆ ಹೊಂದುವಂಥವು. ಎಡಗೈಯಲ್ಲಿ ಆಡುವವರು ಎಡ ಬಲಗಳನ್ನು ಅದಲುಬದಲು ಮಾಡಿಕೊಳ್ಳಬೇಕು.

ತಿರುಗುವುದು ಮತ್ತು ಓಲಾಡುವುದು

ಹಿಂದೆ ಮನೆಮನೆಯಲ್ಲಿ ಮೊಸರು ಕಡೆಯುತ್ತಿದ್ದ ಕಡೆಗೋಲನ್ನು ನೆನಪಿಸಿಕೊಳ್ಳಿ. ಕಂಬಕ್ಕೆ ಕಟ್ಟಿದ ಎರಡು ಕುಣಿಕೆಗಳ ನಡುವೆ ನಿಂತ ಆ ಕೋಲು ಹಗ್ಗ ಎಳೆದಂತೆ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುಗುತ್ತಿತ್ತೇ ಹೊರತು ನಿಂತ ಜಾಗವನ್ನು ಬಿಡುತ್ತಿರಲಿಲ್ಲ. ಮೇಲಿನ ಕುಣಿಕೆ ಸಡಿಲವಾದ ದಿನ ಕೋಲು ತಿರುಗುವುದಕ್ಕಿಂತ ಹೆಚ್ಚಾಗಿ ಓಲಾಡಿ, ಮಜ್ಜಿಗೆ ನೆಲದ ಪಾಲಾಗುತ್ತಿತ್ತು. ಬ್ಯಾಕ್‌ಸ್ವಿಂಗ್‌ನಲ್ಲಿ ಬೆನ್ನೆಲುಬು ಆ ಕೋಲಿನಂತೆ. ಅದು ಮುಂದಕ್ಕೆ ಬಾಗಿರುತ್ತದೆ, ಆದರೆ ಬಾಗಿದ ಕೋನವನ್ನು ಬದಲಿಸದೆ ಇದ್ದಲ್ಲೇ ತಿರುಗಬೇಕು. ಹೊಸಬರು ಮಾಡುವ ತಪ್ಪುಗಳು ಮುಖ್ಯವಾಗಿ ಎರಡು: ಇಡೀ ಮೈಯನ್ನು ಬಲಗಾಲಿನ ಮೇಲಕ್ಕೆ ಜಾರಿಸುವುದು ಒಂದು, ಮೈಯನ್ನು ಹಾಗೇ ನಿಲ್ಲಿಸಿ ಕೈಗಳನ್ನಷ್ಟೇ ಮೇಲೆತ್ತುವುದು ಇನ್ನೊಂದು. ಎರಡನೆಯದು ನನ್ನ ತಪ್ಪಾಗಿತ್ತು. ಕೈಗಳು ಮಾತ್ರ ಮೇಲೆ ಹೋದಾಗ ಕ್ಲಬ್ ಕೆಳಗಿಳಿಯುವಾಗ ಹೊರಗಿನಿಂದ ಒಳಕ್ಕೆ ಕೊಯ್ದಂತೆ ಬರುತ್ತದೆ. ಚೆಂಡು ಬಲಕ್ಕೆ ಬಾಗಿ ಹೋಗುವ ಸ್ಲೈಸ್ ಎಂಬ ರೋಗದ ಬೇರು ಬಹುಪಾಲು ಅಲ್ಲಿಯೇ ಇರುತ್ತದೆ.

ಪೂರ್ಣ ಬ್ಯಾಕ್‌ಸ್ವಿಂಗ್‌ನಲ್ಲಿ ಭುಜಗಳು ಸುಮಾರು 90 ಡಿಗ್ರಿ, ಸೊಂಟ ಸುಮಾರು 45 ಡಿಗ್ರಿ ತಿರುಗಬೇಕೆಂಬುದು ಹಳೆಯ ಲೆಕ್ಕ. ಈ 90 ಡಿಗ್ರಿ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿದುಕೊಂಡರೆ ಅರ್ಧ ಕೆಲಸ ಮುಗಿಯಿತು. ಕೆಳಬೆನ್ನಿನ 5 ಕಶೇರುಗಳ ರಚನೆ ಬಾಗುವುದಕ್ಕೆ ಅನುಕೂಲವಾಗಿದೆ, ತಿರುಗುವುದಕ್ಕಲ್ಲ. ಐದೂ ಸೇರಿ ಒಂದು ಪಕ್ಕಕ್ಕೆ ಹತ್ತು ಡಿಗ್ರಿಯ ಆಸುಪಾಸಿನಲ್ಲಷ್ಟೇ ತಿರುಗುತ್ತವೆ. ಪಕ್ಕೆಲುಬುಗಳು ಕೂಡಿಕೊಂಡಿರುವ ಮೇಲ್ಬೆನ್ನಿನ 12 ಕಶೇರುಗಳು ಒಟ್ಟಾಗಿ ಮೂವತ್ತರಿಂದ ಮೂವತ್ತೈದು ಡಿಗ್ರಿ ಕೊಡುತ್ತವೆ. ಉಳಿದದ್ದೆಲ್ಲ ಸೊಂಟದಿಂದ, ಅಂದರೆ ತೊಡೆಮೂಳೆಯ ತಲೆಯ ಮೇಲೆ ಕಟಿಭಾಗ ತಿರುಗುವುದರಿಂದ ಬರಬೇಕು. ಆದ್ದರಿಂದ ಸೊಂಟ ಬಿಗಿಯಾದವರು 90 ಡಿಗ್ರಿಯ ಆಸೆಗೆ ಬಿದ್ದರೆ, ಕೊಡಲಾಗದ್ದನ್ನು ಕೊಡುವಂತೆ ಕೆಳಬೆನ್ನನ್ನು ಪೀಡಿಸಿದಂತಾಗುತ್ತದೆ. ಗಾಲ್ಫ್ ಆಡುವವರನ್ನು ಹೆಚ್ಚಾಗಿ ಕಾಡುವ ನೋವು ಕೆಳಬೆನ್ನಿನದೇ ಎಂಬುದು ಸುಮ್ಮನೆ ಅಲ್ಲ.

ಮೊದಲು ನಿಮ್ಮ ಮೈಯನ್ನು ಅಳೆದುಕೊಳ್ಳಿ

ಬೆನ್ನಿಲ್ಲದ ಸ್ಟೂಲಿನ ಮೇಲೆ ನೆಟ್ಟಗೆ ಕುಳಿತು, ಎರಡು ಮೊಣಕಾಲುಗಳ ನಡುವೆ ದಿಂಬೊಂದನ್ನು ಒತ್ತಿ ಹಿಡಿಯಿರಿ. ಸೊಂಟ ಕದಲದಂತೆ ನೋಡಿಕೊಳ್ಳುವುದು ಇದರ ಉದ್ದೇಶ. ಬೆತ್ತವೊಂದನ್ನು ಎದೆಗೆ ಅಡ್ಡವಾಗಿ ಇಟ್ಟು, ಅದರ ಮೇಲೆ ತೋಳುಗಳನ್ನು ಕಟ್ಟಿಕೊಂಡು, ಎದೆಯನ್ನು ಬಲಕ್ಕೆ ತಿರುಗಿಸಿ. ನೆಲಕ್ಕೆ ಚೌಕದ ಟೈಲ್ಸ್ ಹಾಕಿದ್ದರೆ ಅಳತೆಗೆ ಬೇರೇನೂ ಬೇಡ, ಏಕೆಂದರೆ ಚೌಕದ ಮೂಲೆಯಿಂದ ಮೂಲೆಗೆ ಎಳೆದ ಗೆರೆಯೇ 45 ಡಿಗ್ರಿ. ಹಳೆಯ ಕಾವಿ ನೆಲವಾದರೆ ಸೀಮೆಸುಣ್ಣದಿಂದ ಗೆರೆ ಹಾಕಿಕೊಳ್ಳಿ. ಬೆತ್ತ ಆ ಗೆರೆಗೆ ಸಮನಾಗಿ ಬಂದರೆ ಮೇಲ್ಬೆನ್ನು ಚೆನ್ನಾಗಿದೆ ಎಂದು ತಿಳಿಯಬಹುದು. ಈಗ ಅದೇ ಪರೀಕ್ಷೆಯನ್ನು ಬೆನ್ನು ಗೂನು ಮಾಡಿಕೊಂಡು ಕುಳಿತು ಮತ್ತೊಮ್ಮೆ ಮಾಡಿ ನೋಡಿ. ತಿರುಗುವ ಪ್ರಮಾಣ ಗಣನೀಯವಾಗಿ ಕುಗ್ಗುವುದು ನಿಮ್ಮ ಗಮನಕ್ಕೆ ಬರುತ್ತದೆ. ಚೆಂಡಿನ ಮುಂದೆ ಗೂನಾಗಿ ನಿಲ್ಲುವವರು ಸ್ವಿಂಗ್ ಆರಂಭಿಸುವ ಮೊದಲೇ ಎಷ್ಟು ಕಳೆದುಕೊಳ್ಳುತ್ತಾರೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಎರಡನೆಯ ಪರೀಕ್ಷೆ ಸೊಂಟದ ಕೀಲಿಗೆ ಸಂಬಂಧಿಸಿದ್ದು. ಕಾಲು ನೆಲಕ್ಕೆ ತಾಗದಷ್ಟು ಎತ್ತರದ ಮೇಜಿನ ಅಂಚಿನಲ್ಲಿ ಕುಳಿತು, ಮೊಣಕಾಲನ್ನು ಇದ್ದಲ್ಲೇ ಇರಿಸಿ, ಬಲ ಪಾದವನ್ನು ಮಾತ್ರ ಹೊರಕ್ಕೆ, ಅಂದರೆ ಬಲಕ್ಕೆ ಎತ್ತಿ. ಆಗ ತೊಡೆ ಒಳಮುಖವಾಗಿ ತಿರುಗುತ್ತದೆ. ಬ್ಯಾಕ್‌ಸ್ವಿಂಗ್‌ನಲ್ಲಿ ಬಲ ಸೊಂಟದಿಂದ ಬೇಕಾಗುವುದು ಇದೇ ಒಳತಿರುವು. ಬಾಲ್ಯದಿಂದ ಚಕ್ಕಳಮಕ್ಕಳ ಹಾಕಿ ನೆಲದಲ್ಲೇ ಕುಳಿತು ಉಂಡ ನಮಗೆ ಸೊಂಟ ಬಿಗಿ ಎಂದು ಯಾರಾದರೂ ಹೇಳಿದರೆ ನಂಬಿಕೆ ಬರುವುದಿಲ್ಲ. ಆದರೆ ಚಕ್ಕಳಮಕ್ಕಳ ಸಡಿಲಗೊಳಿಸುವುದು ಹೊರತಿರುವನ್ನು. ಒಳತಿರುವಿನ ಮಟ್ಟಿಗೆ ನಾವು ಕುರ್ಚಿಯಲ್ಲಿ ಕುಳಿತೇ ಬೆಳೆದವರಿಗಿಂತ ಮೇಲೇನೂ ಅಲ್ಲ. ನನ್ನ ಬಲಗಾಲು ಎಡಗಾಲಿನ ಅರ್ಧದಷ್ಟೂ ಹೊರಕ್ಕೆ ಹೋಗುತ್ತಿರಲಿಲ್ಲ, ಮತ್ತು ನನ್ನ ಎರಡು ವರ್ಷಗಳ ತೊಂದರೆಗೆ ಮೂಲ ಅದೇ ಆಗಿತ್ತು. ಈ ಪರೀಕ್ಷೆಗಳ ವೇಳೆ ಕಾಲಿಗೆ ಇಳಿಯುವ ನೋವು ಅಥವಾ ಜೋಮು ಕಂಡುಬಂದರೆ ಮುಂದಿನದನ್ನು ಓದುವ ಮೊದಲು ವೈದ್ಯರನ್ನು ಕಾಣಬೇಕು.

ಬಿಗಿ ಬಿಡಿಸುವ ಮೂರು ಅಭ್ಯಾಸ

ಚಾಪೆಯ ಮೇಲೆ ಎಡ ಮಗ್ಗುಲಾಗಿ ಮಲಗಿ, ಮೊಣಕಾಲುಗಳನ್ನು ಸೊಂಟದ ಮಟ್ಟಕ್ಕೆ ಮಡಚಿ, ಎರಡು ಅಂಗೈಗಳನ್ನು ಮುಂದೆ ಜೋಡಿಸಿಕೊಳ್ಳಿ. ಬಲಗೈಯನ್ನು ಬಾಗಿಲು ತೆರೆದಂತೆ ನಿಧಾನವಾಗಿ ಎತ್ತಿ ಬೆನ್ನ ಹಿಂದಕ್ಕೆ ಒಯ್ಯಿರಿ; ಕಣ್ಣು ಕೈಯನ್ನೇ ಹಿಂಬಾಲಿಸಲಿ, ಮೊಣಕಾಲುಗಳು ಚಾಪೆ ಬಿಡದಿರಲಿ, ತಿರುಗುವಾಗ ಉಸಿರು ಹೊರಹೋಗಲಿ. ಒಂದೊಂದು ಮಗ್ಗುಲಿಗೆ ಹತ್ತು ಬಾರಿ ಸಾಕು. ಎರಡನೆಯದಕ್ಕೆ ಅಂಬೆಗಾಲಿಡುವ ಮಗುವಿನಂತೆ ಕೈ ಕಾಲೂರಿ, ಬಲಗೈಯನ್ನು ತಲೆಯ ಹಿಂದಿಟ್ಟು, ಮೊಣಕೈಯನ್ನು ಮೊದಲು ನೆಲದ ಕಡೆಗೂ ಬಳಿಕ ಮಾಡಿನ ಕಡೆಗೂ ತಿರುಗಿಸಬೇಕು. ಮೂರನೆಯದು ಸೊಂಟಕ್ಕೆ: ನೆಲದಲ್ಲಿ ಕುಳಿತು, ಕೈಗಳನ್ನು ಹಿಂದಕ್ಕೆ ಊರಿ, ಮಡಚಿದ ಮೊಣಕಾಲುಗಳೆರಡನ್ನೂ ಒಟ್ಟಿಗೆ ಬಲಕ್ಕೊಮ್ಮೆ ಎಡಕ್ಕೊಮ್ಮೆ ನಿಧಾನವಾಗಿ ವಾಲಿಸುವುದು. ಈ ಮೂರಕ್ಕೂ ಸೇರಿ ಹತ್ತು ನಿಮಿಷ ಹಿಡಿಯುತ್ತದೆ. ದಿನವೂ ಮಾಡಿದರೆ ಮೂರು ನಾಲ್ಕು ವಾರಗಳಲ್ಲಿ ಅಂತರ ಕಾಣುತ್ತದೆ. ಭಾನುವಾರ ಮಾತ್ರ ಮೂವತ್ತು ನಿಮಿಷ ಮಾಡಿದರೆ ಸೋಮವಾರ ಮೈಕೈ ನೋವು ಮಾತ್ರ ಕಾಣುತ್ತದೆ.

ನಿಲ್ಲುವ ಕ್ರಮ

ಪಾದಗಳು ಭುಜದಷ್ಟು ಅಗಲಕ್ಕಿರಲಿ. ನಡು ಬಗ್ಗಿಸದೆ, ಸೊಂಟದ ಕೀಲಿನಿಂದಲೇ ಮುಂದಕ್ಕೆ ಬಾಗಬೇಕು. ಬಾವಿಕಟ್ಟೆಯ ಅಂಚಿಗೆ ತೊಡೆ ತಾಗಿಸಿ ಒಳಗೆ ಇಣುಕುವಾಗ ಮೈ ಹೇಗೆ ಬಾಗುತ್ತದೋ ಹಾಗೆ. ಎದೆ ತೆರೆದಿರಲಿ, ಗದ್ದ ಎದೆಗೆ ಅಂಟದಿರಲಿ. ಗದ್ದದ ಕೆಳಗೆ ಎಡ ಭುಜ ಬಂದು ಸೇರಲು ಜಾಗ ಬೇಕು. ‘ತಲೆ ಅಲುಗಾಡಿಸಬೇಡ’ ಎಂದು ಹೊಸಬರಿಗೆ ಎಲ್ಲರೂ ಹೇಳುವ ಮಾತನ್ನು ನಾನು ಒಪ್ಪುವುದಿಲ್ಲ. ಅದನ್ನು ಅಕ್ಷರಶಃ ಪಾಲಿಸುವವನು ಗದ್ದವನ್ನು ಎದೆಗೊತ್ತಿ, ಕತ್ತನ್ನು ಬಿಗಿದು, ಭುಜ ತಿರುಗುವ ದಾರಿಯನ್ನೇ ಮುಚ್ಚಿಬಿಡುತ್ತಾನೆ. ತಲೆ ಒಂದೆರಡು ಅಂಗುಲ ಬಲಕ್ಕೆ ಸರಿದರೆ, ಗದ್ದ ಸ್ವಲ್ಪ ಬಲಕ್ಕೆ ಹೊರಳಿದರೆ ಏನೂ ಕೆಡುವುದಿಲ್ಲ. ಗಾಲ್ಫಿನ ಅತಿ ದೊಡ್ಡ ಪಂದ್ಯಾವಳಿಗಳಾದ ಮೇಜರ್‌ಗಳಲ್ಲಿ 18 ಪ್ರಶಸ್ತಿಗಳನ್ನು ಗೆದ್ದ ಜ್ಯಾಕ್ ನಿಕ್ಲಾಸ್ ಅವರು ಸ್ವಿಂಗ್ ಆರಂಭಿಸುವ ಮೊದಲೇ ಗದ್ದವನ್ನು ಬಲಕ್ಕೆ ಹೊರಳಿಸಿಕೊಳ್ಳುತ್ತಿದ್ದರು.

ಬಲ ಸೊಂಟ ಬಿಗಿ ಇರುವವರು ಬಲ ಪಾದದ ಬೆರಳುಗಳನ್ನು ಹದಿನೈದು ಇಪ್ಪತ್ತು ಡಿಗ್ರಿ ಹೊರಕ್ಕೆ ತೆರೆದಿಟ್ಟುಕೊಳ್ಳಬೇಕು. ಒಂದು ಪೈಸೆಯ ಖರ್ಚಿಲ್ಲದೆ, ಒಂದು ದಿನದ ವ್ಯಾಯಾಮವೂ ಇಲ್ಲದೆ ತಿರುಗುವಿಕೆ ಹೆಚ್ಚಿಸುವ ಉಪಾಯ ಇದೊಂದೇ.

ಗೋಡೆ, ಬೆತ್ತ, ತೆಂಗಿನಕಾಯಿ

ಗೋಡೆಗೆ ಬೆನ್ನು ಮಾಡಿ, ಹಿಮ್ಮಡಿಗಳನ್ನು ಗೋಡೆಯಿಂದ ಒಂದು ಗೇಣು ಮುಂದಿಟ್ಟು, ಮೇಲೆ ಹೇಳಿದಂತೆ ಬಾಗಿ ನಿಂತರೆ ಪೃಷ್ಠದ ಎರಡೂ ಬದಿಗಳು ಗೋಡೆಗೆ ಮೆಲ್ಲನೆ ತಾಗುತ್ತವೆ. ತೋಳುಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಬಲಕ್ಕೆ ತಿರುಗಿ. ಬಲ ಬದಿ ಗೋಡೆಯನ್ನು ಇನ್ನಷ್ಟು ಒತ್ತಬೇಕು, ಎಡ ಬದಿ ಗೋಡೆಯನ್ನು ಬಿಟ್ಟು ಮುಂದೆ ಬರಬೇಕು. ಎರಡೂ ಬದಿಗಳು ಗೋಡೆಗೆ ತಾಗಿಕೊಂಡೇ ಬಲಕ್ಕೆ ಉಜ್ಜಿಕೊಂಡು ಹೋದರೆ ನೀವು ತಿರುಗಿಲ್ಲ, ಜಾರಿದ್ದೀರಿ. ಎರಡೂ ಗೋಡೆ ಬಿಟ್ಟವೆಂದರೆ ಮೈ ನೆಟ್ಟಗಾಗಿ ಚೆಂಡಿನ ಕಡೆಗೆ ನುಗ್ಗಿದೆ ಎಂದರ್ಥ. ತಪ್ಪನ್ನು ಆ ಕ್ಷಣದಲ್ಲೇ ಹೇಳುವ ಗುರು ಬೇಕಿದ್ದರೆ ಗೋಡೆಗಿಂತ ಒಳ್ಳೆಯವರು ನನಗಂತೂ ಸಿಕ್ಕಿಲ್ಲ, ಗಂಟೆಗಿಷ್ಟೆಂದು ಶುಲ್ಕ ಕೊಟ್ಟು ಹುಡುಕಿದಾಗಲೂ.

ಮುಂದಿನದು ಭುಜಗಳ ಕೋನ. ಉದ್ದನೆಯ ಬೆತ್ತವನ್ನು ಎದೆಯ ಮೇಲ್ಭಾಗಕ್ಕೆ ಅಡ್ಡಲಾಗಿ ಹಿಡಿದು, ಚೆಂಡಿರುವ ಜಾಗದಲ್ಲಿ ಅಡಕೆಯೊಂದನ್ನು ಇಟ್ಟುಕೊಳ್ಳಿ. ಬಲಕ್ಕೆ ತಿರುಗಿದಾಗ ಬೆತ್ತದ ಎಡ ತುದಿ ನೆಲದತ್ತ ಇಳಿದು, ಅಡಕೆಯನ್ನೋ ಅದರ ತುಸು ಆಚೆಯನ್ನೋ ತೋರಿಸಬೇಕು. ಅದು ಎದುರಿನ ತೆಂಗಿನ ಮರದ ಬುಡವನ್ನು ತೋರಿಸಿದರೆ ನೀವು ನೇರ ನಿಂತವರಂತೆ ಚಪ್ಪಟೆಯಾಗಿ ತಿರುಗಿದ್ದೀರಿ, ಜೊತೆಗೆ ತಲೆಯೂ ಮೇಲೆದ್ದಿರುತ್ತದೆ. ಬೆನ್ನು ಮುಂದಕ್ಕೆ ಬಾಗಿರುವುದರಿಂದ ಎಡ ಭುಜ ಕೆಳಗೂ ಬಲ ಭುಜ ಮೇಲಕ್ಕೂ ಹೋಗುವುದು ಸಹಜ. ಅದನ್ನು ಬೇಕೆಂದೇ ಮಾಡಹೋಗಬಾರದು, ಬಾಗಿದ ಕೋನ ಉಳಿಸಿಕೊಂಡರೆ ತಾನಾಗಿ ಆಗುತ್ತದೆ.

ಮೂರನೆಯದು ನಮ್ಮ ಜಿಲ್ಲೆಗೆ ಹೇಳಿ ಮಾಡಿಸಿದಂಥದ್ದು. ಸುಲಿಯದ ತೆಂಗಿನಕಾಯಿಯೊಂದನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದು, ತೋಳುಗಳನ್ನು ಇಳಿಬಿಟ್ಟು, ಬ್ಯಾಕ್‌ಸ್ವಿಂಗ್ ಮಾಡಿ. ಹಗುರವಾದ ಕ್ಲಬ್ಬನ್ನು ಕೈಗಳು ಕದ್ದು ಮೇಲೆತ್ತಬಲ್ಲವು, ಆದರೆ ಕಾಯಿಯ ಭಾರಕ್ಕೆ ಕೈಗಳು ಸೋತು ಎದೆಯ ನೆರವು ಕೇಳುತ್ತವೆ. ಕಾಯಿ ಸೊಂಟದೆತ್ತರಕ್ಕೆ ಬಂದಾಗ ನಿಂತು ನೋಡಿಕೊಳ್ಳಿ: ಅದು ಎದೆಯ ಎದುರಿಗೇ ಇರಬೇಕು. ಎದೆ ಅಡಕೆಯ ಕಡೆಗೂ ಕಾಯಿ ಬಲ ತೊಡೆಯ ಹಿಂದಕ್ಕೂ ಹೋಗಿದ್ದರೆ ಮತ್ತೆ ಕೈಗಳದೇ ಕಾರುಬಾರು. ಇದನ್ನು ಹತ್ತು ಸಲ ಮಾಡಿದ ಬಳಿಕ ಕ್ಲಬ್ ಹಿಡಿದರೆ ಅದು ಬೆತ್ತದಷ್ಟು ಹಗುರವೆನಿಸುತ್ತದೆ, ಆ ಗಳಿಗೆಯಲ್ಲಿ ಮಾಡಿದ ಸ್ವಿಂಗ್ ಮೈಗೆ ನೆನಪಿರುತ್ತದೆ.

ಕ್ಲಬ್ ಹಿಡಿದ ಮೇಲೆ

ಮಧ್ಯಮ ಉದ್ದದ ಕ್ಲಬ್ಬಾದ ಏಳನೆಯ ಐರನ್ನಿನಿಂದಲೇ ಆರಂಭಿಸಿ, ಎಲ್ಲಕ್ಕಿಂತ ಉದ್ದನೆಯ ಕ್ಲಬ್ಬಾದ ಡ್ರೈವರ್ ಚೀಲದಲ್ಲಿರಲಿ. ಎರಡು ಕಂಕುಳಗಳಿಗೂ ಅಡ್ಡವಾಗಿ ಎದೆಯ ಮೇಲಿಂದ ಬೈರಾಸೊಂದನ್ನು (ಟವೆಲ್) ಸಿಕ್ಕಿಸಿಕೊಂಡು, ಅದು ಬೀಳದಂತೆ ಅರ್ಧ ಸ್ವಿಂಗ್ ಮಾಡುತ್ತಾ ಹೋಗಿ. ಕ್ಲಬ್ ನೆಲಕ್ಕೆ ಸಮಾನಾಂತರವಾಗುವ ತನಕ ಎದೆ, ತೋಳು, ಕ್ಲಬ್ ಮೂರೂ ಒಂದೇ ತುಂಡಿನಂತೆ ಚಲಿಸಬೇಕು. ಕೈಗಳು ಬಲ ತೊಡೆಯನ್ನು ದಾಟುವ ಹೊತ್ತಿಗೆ ಸೊಂಟವೂ ಹೊರಟಿರಬೇಕು. ಅಲ್ಲಿಂದ ಮುಂದೆ ಮಣಿಕಟ್ಟು ಮಡಚಿಕೊಳ್ಳುತ್ತದೆ, ಎದೆ ತನ್ನ ತಿರುಗುವಿಕೆಯನ್ನು ಪೂರೈಸುತ್ತದೆ, ಎದೆ ನಿಂತಲ್ಲಿ ಕೈಗಳೂ ನಿಲ್ಲಬೇಕು. ಎದೆ ನಿಂತ ಮೇಲೂ ಮೇಲೇರುವ ಕೈಗಳು ಎಡ ಮೊಣಕೈಯನ್ನು ಮಡಚಿಸಿ, ಕ್ಲಬ್ಬನ್ನು ಕತ್ತಿನ ಹಿಂದೆ ಬೀಳಿಸುತ್ತವೆ. ನೋಡುವವರಿಗೆ ಅದು ದೊಡ್ಡ ಬ್ಯಾಕ್‌ಸ್ವಿಂಗ್, ಚೆಂಡಿಗೆ ಮಾತ್ರ ಅದರಿಂದ ಏನೂ ದಕ್ಕುವುದಿಲ್ಲ.

ಬಲ ಮೊಣಕಾಲಿನ ವಿಷಯದಲ್ಲಿ ಹಳೆಯ ಪಾಠ ಕಟ್ಟುನಿಟ್ಟಿನದು, ಅದು ಬಾಗಿದ್ದಷ್ಟೇ ಬಾಗಿರಬೇಕು ಎಂದು. ಎಳೆಯರಿಗೆ ಅದು ಸರಿ. ನಮ್ಮ ವಯಸ್ಸಿನವರಿಗೆ ಅದು ತುಸು ನೆಟ್ಟಗಾಗಲು ಬಿಡುವುದು ಒಳ್ಳೆಯದು, ಪೂರ್ತಿ ಸೆಟೆಯಬಾರದು ಅಷ್ಟೇ. ಎಡ ಮೊಣಕಾಲು ಒಳಕ್ಕೆ ಸರಿಯಲಿ. ಎಡ ಹಿಮ್ಮಡಿ ನೆಲ ಬಿಡುತ್ತೇನೆಂದರೆ ಬಿಡಲಿ. ನಿಕ್ಲಾಸ್ ಅವರ ಎಡ ಹಿಮ್ಮಡಿಯೂ ಏಳುತ್ತಿತ್ತು. 1992ರಲ್ಲಿ ಅಮೆರಿಕದ ತರಬೇತುದಾರ ಜಿಮ್ ಮೆಕ್‌ಲೀನ್ ಅವರು ಭುಜದ ತಿರುವಿಗೂ ಸೊಂಟದ ತಿರುವಿಗೂ ಇರುವ ಅಂತರಕ್ಕೆ ‘ಎಕ್ಸ್ ಫ್ಯಾಕ್ಟರ್’ ಎಂಬ ಹೆಸರಿಟ್ಟು, ಆ ಅಂತರ ಹಿಗ್ಗಿದಷ್ಟೂ ಚೆಂಡು ದೂರ ಹೋಗುತ್ತದೆ ಎಂಬ ವಿಚಾರ ಹಬ್ಬಿದ ಮೇಲೆ, ಸೊಂಟವನ್ನು ಹಿಡಿದು ನಿಲ್ಲಿಸಿ ಭುಜವನ್ನಷ್ಟೇ ತಿರುಗಿಸುವ ಪಾಠ ಎಲ್ಲೆಡೆ ನಡೆಯಿತು. ದಿನಕ್ಕೆ ಎರಡು ಹೊತ್ತು ವ್ಯಾಯಾಮ ಮಾಡುವ ವೃತ್ತಿಪರರಿಗೆ ಅದು ದಕ್ಕಬಹುದು. ತೋಟಕ್ಕೆ ನೀರು ಬಿಟ್ಟು, ಪೇಟೆಗೆ ಹೋಗಿ ಬಂದು, ಸಂಜೆ ಕ್ಲಬ್ ಹಿಡಿಯುವ ಐವತ್ತರ ಮನುಷ್ಯನಿಗೆ ಅದು ಬೆನ್ನುನೋವಿನ ಆಹ್ವಾನ. ನಾನಂತೂ ಅದನ್ನು ಪಾಲಿಸಿಯೇ ಒಂದು ಮಳೆಗಾಲವಿಡೀ ಮಂಚ ಹಿಡಿದಿದ್ದೆ. ಈಗ ನನ್ನ ಸೊಂಟ 45 ಡಿಗ್ರಿಗಿಂತ ಹೆಚ್ಚೇ ತಿರುಗುತ್ತದೆ, ಭುಜ 80 ದಾಟುವುದಿಲ್ಲ, ಚೆಂಡು ಮೊದಲಿಗಿಂತ ದೂರ ಹೋಗುತ್ತದೆ.

ಮೈದಾನದಲ್ಲಿ

ಚೆಂಡು ಹೊಡೆದು ಅಭ್ಯಾಸ ಮಾಡುವ ರೇಂಜಿನಲ್ಲಿ ಬಕೆಟ್ಟಿನ ಚೆಂಡುಗಳನ್ನೆಲ್ಲ ಪೂರ್ತಿ ಬಲದಿಂದ ಹೊಡೆದು ಮುಗಿಸುವ ಆತುರ ಬೇಡ. ಮೊದಲ ಹತ್ತು ಚೆಂಡುಗಳಿಗೆ ಬಲ ಪಾದವನ್ನು ಅರ್ಧ ಹೆಜ್ಜೆ ಹಿಂದಕ್ಕಿಟ್ಟುಕೊಳ್ಳಿ. ಆ ನಿಲುವಿನಲ್ಲಿ ಸೊಂಟಕ್ಕೆ ತಿರುಗದೆ ಬೇರೆ ದಾರಿಯಿಲ್ಲ, ಹಾಗಾಗಿ ತಿರುಗಿದಾಗ ಮೈಗೆ ಹೇಗನಿಸುತ್ತದೆ ಎಂಬುದು ತಿಳಿಯುತ್ತದೆ. ಮುಂದಿನ ಹತ್ತಕ್ಕೆ ಪಾದವನ್ನು ಸ್ವಸ್ಥಾನಕ್ಕೆ ತಂದು, ಬ್ಯಾಕ್‌ಸ್ವಿಂಗ್‌ನ ತುದಿಯಲ್ಲಿ ಒಂದು ಉಸಿರಿನಷ್ಟು ಹೊತ್ತು ನಿಂತು, ಆಮೇಲೆ ಹೊಡೆಯಿರಿ. ನಿಂತಾಗ ಭಾರ ಬಲ ಪಾದದ ಒಳಬದಿಯಲ್ಲಿ, ಹಿಮ್ಮಡಿಯ ಕಡೆಗೆ ಇರಬೇಕು. ಪಾದದ ಹೊರ ಅಂಚಿಗೆ ಹೋಗಿದ್ದರೆ ಓಲಾಟ ಮರಳಿದೆ. ಉಳಿದವುಗಳನ್ನು ನಿಲ್ಲದೆ, ಆದರೆ ಮುಕ್ಕಾಲು ವೇಗದಲ್ಲಿ ಹೊಡೆಯಬಹುದು. ಹಿಂದಕ್ಕೆ ಒಯ್ಯುವ ಕಾಲ ಕೆಳಗಿಳಿಸುವ ಕಾಲದ ಮೂರರಷ್ಟಿರುವುದು ಒಳ್ಳೆಯ ಆಟಗಾರರಲ್ಲಿ ಸಾಮಾನ್ಯವಾಗಿ ಕಾಣುವ ಅನುಪಾತ. ಅವಸರದಲ್ಲಿ ಹಿಂದಕ್ಕೆಳೆದರೆ ಎದೆಗೆ ತಿರುಗುವಷ್ಟು ಸಮಯವೇ ಸಿಗುವುದಿಲ್ಲ.

ಜೊತೆಗಾರರಿದ್ದರೆ ಮೊಬೈಲಿನಲ್ಲಿ ವಿಡಿಯೊ ತೆಗೆಸಿಕೊಳ್ಳಿ. ಚೆಂಡು ಹೋಗಬೇಕಾದ ಗುರಿ, ಚೆಂಡು, ಮೊಬೈಲು ಇವು ಒಂದೇ ನೇರಕ್ಕಿರುವಂತೆ, ನಿಮ್ಮ ಬಲಬದಿಯಿಂದ, ಸೊಂಟದೆತ್ತರದಲ್ಲಿ ಹಿಡಿಯಲು ಹೇಳಿ. ಬ್ಯಾಕ್‌ಸ್ವಿಂಗ್‌ನ ತುದಿಯಲ್ಲಿ ಚಿತ್ರವನ್ನು ನಿಲ್ಲಿಸಿದಾಗ ಅಂಗಿಯ ಗುಂಡಿಗಳ ಸಾಲು ಮೊಬೈಲಿನ ಕಡೆಗೆ ಮುಖ ಮಾಡಿರಬೇಕು. ಗುಂಡಿಗಳು ಕಾಣದೆ ತೋಳು ಮತ್ತು ಕ್ಲಬ್ ಮಾತ್ರ ಮೇಲೆದ್ದಿದ್ದರೆ ಮುಂದಿನ ವಾರ ಮತ್ತೆ ತೆಂಗಿನಕಾಯಿಗೇ ಮರಳಬೇಕು. ಎದುರಿನಿಂದ ತೆಗೆದ ವಿಡಿಯೊದಲ್ಲಿ ನೋಡಬೇಕಾದದ್ದು ಬಲ ಸೊಂಟ ಬಲ ಪಾದದ ಹೊರಗೆ ಉಬ್ಬಿದೆಯೇ ಎಂಬುದನ್ನು ಮಾತ್ರ. ನಾನು ಇದನ್ನು ನೋಡಿದ ದಿನ ನನ್ನ ಭಾವ ನಕ್ಕು, ‘ನೀವು ತಿರುಗಿದ್ದೀರಿ ಅಂತ ನೀವೊಬ್ಬರೇ ತಿಳಿದುಕೊಂಡಿದ್ದೀರಿ, ಭಾವ’ ಎಂದಿದ್ದರು. ಮೈಗೆ ಅನಿಸುವುದಕ್ಕೂ ಮೈ ಮಾಡುವುದಕ್ಕೂ ಆರಂಭದಲ್ಲಿ ಅಷ್ಟು ಅಂತರವಿರುತ್ತದೆ; ಪೂರ್ತಿ ತಿರುಗಿದೆನೆಂದು ಅನಿಸಿದಾಗ ಅರ್ಧ ತಿರುಗಿರುತ್ತೀರಿ.

ಮೇ ಕೊನೆಯ ವೇಳೆಗೆ ಬರುವ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ನಾನೂ ಕ್ಲಬ್ ಚೀಲವನ್ನು ಒಣಬಟ್ಟೆಯಲ್ಲಿ ಒರೆಸಿ ಅಟ್ಟಕ್ಕೇರಿಸುತ್ತೇನೆ. ಆಟಿ ತಿಂಗಳ ಮಳೆಯಲ್ಲಿ ಮೈದಾನಕ್ಕಿಳಿಯುವ ಮಾತೇ ಇಲ್ಲ. ಏಳನೆಯ ಐರನ್ ಮಾತ್ರ ಜಗಲಿಯ ಮೂಲೆಯಲ್ಲಿ ಉಳಿಯುತ್ತದೆ. ಬೆಳಗ್ಗೆ ಚಾಪೆಯ ಮೇಲಿನ ಹತ್ತು ನಿಮಿಷ, ಸಂಜೆ ಗೋಡೆಗೆ ಇಪ್ಪತ್ತು ಸಲ, ಬೆತ್ತಕ್ಕೆ ಇಪ್ಪತ್ತು ಸಲ, ಕಾಯಿಗೆ ಹತ್ತು ಸಲ. ಐರನ್ ಬೀಸುವ ಮೊದಲು ಜಗಲಿಯ ಮಾಡು ಎಷ್ಟು ತಗ್ಗಿದೆ ಎಂದು ನೋಡಿಕೊಳ್ಳಿ. ನಮ್ಮ ಮನೆಯ ಎರಡು ಹಂಚುಗಳು ಕಳೆದ ಆಟಿಯಲ್ಲಿ ಹೋದದ್ದು ಹಾಗೆಯೇ.